ಕಚ್ಚದ ರಾಣಿ

ಹಳೆಯ ಕಿಟಕಿಯ ಮೇಲ್ಚೌಕಟ್ಟಿನಲ್ಲಿ ಕಣಜದ ಗೂಡೊಂದು ಜೋತುಬಿದ್ದಿದೆ. ಮರದ ನಾರನ್ನು ಜಗಿದು ಕಟ್ಟಿದ ಬೂದುಬಣ್ಣದ ಕಾಗದದಂಥ ಗೋಡೆ, ಮೇಲೆ ಹೊದಿಕೆಯಿಲ್ಲದ ತೆರೆದ ಕೋಣೆಗಳು. ನಮ್ಮ ಕಡೆ ಧಾರಾಳವಾಗಿ ಸಿಗುವ ಜಾತಿ. ಶಾಸ್ತ್ರೀಯ ಹೆಸರು ರೋಪಲಿಡಿಯಾ ಮಾರ್ಜಿನೇಟಾ. ಗೂಡು ತೆರೆದೇ ಇರುವುದರಿಂದ ಒಳಗಿನ ಸಂಸಾರವೆಲ್ಲ ನೋಡುವವರ ಕಣ್ಣೆದುರಿಗೇ ಇದೆ.

ಬಿಸಿಲೇರಿದ ಮೇಲೆ ಹೊರಗೆ ಹೋದ ಕಣಜವೊಂದು ಕಂಬಳಿಹುಳುವಿನ ಮಾಂಸದ ಉಂಡೆ ಕಚ್ಚಿಕೊಂಡು ಬಂದಿಳಿಯಿತು. ಇಳಿದದ್ದೇ ತಡ, ಗೂಡಿನಲ್ಲಿದ್ದ ಎರಡು ಓಡಿಬಂದು ಉಂಡೆಯನ್ನು ಕಿತ್ತುಕೊಂಡು, ಜಗಿದು, ಮರಿಗಳ ಬಾಯಿಗೆ ಇಟ್ಟವು. ತಂದದ್ದು ಬರಿಬಾಯಲ್ಲಿ ನಿಂತಿತು. ಅಷ್ಟಕ್ಕೇ ಮುಗಿಯಲಿಲ್ಲ. ಇನ್ನೊಂದು ಅದರ ಬೆನ್ನೇರಿ ಕಾಲು, ರೆಕ್ಕೆಯ ಬುಡ ಎಲ್ಲ ಕಚ್ಚತೊಡಗಿತು. ಅಡಿಗೆ ಸಿಕ್ಕಿದ್ದು ಮೈ ಮುದುರಿ ಸುಮ್ಮನಿದ್ದು, ಬಿಟ್ಟ ಕೂಡಲೇ ಮತ್ತೆ ಹಾರಿಹೋಯಿತು.

ಈ ಗೂಡಿನ ಯಜಮಾನಿ ಯಾರು ಎಂದು ಹೊಸಬರನ್ನು ಕೇಳಿದರೆ ಆ ಕಚ್ಚುವ ಹುಳವನ್ನೇ ತೋರಿಸುತ್ತಾರೆ. ರಾಣಿ ಗಾತ್ರದಲ್ಲಿ, ಬಣ್ಣದಲ್ಲಿ ಉಳಿದವುಗಳ ಹಾಗೆಯೇ ಇರುತ್ತದೆ. ಖಾಲಿ ಕೋಣೆಯೊಳಗೆ ಹೊಟ್ಟೆಯ ತುದಿ ಇಳಿಸಿ ಅಲುಗಾಡದೆ ಮೊಟ್ಟೆ ಇಡುವಾಗ ಮಾತ್ರ ಗುರುತು ಸಿಗುತ್ತದೆ. ಆ ಗಳಿಗೆಗೆ ಕಾದು ಕೂರಬೇಕು.

ಹಾಗೆ ಕಾದು ಕೂತವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್. ಪಿಎಚ್‌ಡಿ ಮಾಡಿದ್ದು ಅಣುಜೀವವಿಜ್ಞಾನದಲ್ಲಿ. ಹವ್ಯಾಸವಾಗಿದ್ದ ಕಣಜಗಳೇ ಆಮೇಲೆ ಜೀವಮಾನದ ಕೆಲಸವಾದವು. ಹುಳಗಳ ಮೈಮೇಲೆ ಬಣ್ಣದ ಚುಕ್ಕೆ ಇಟ್ಟು, ಯಾವುದು ಎಷ್ಟು ಹೊತ್ತು ಏನು ಮಾಡುತ್ತದೆ ಎಂದು ಬರೆದುಕೊಳ್ಳುವುದೇ ವಿಧಾನ. 1983ರಲ್ಲಿ ಅವರೂ ಎನ್.ವಿ. ಜೋಶಿಯವರೂ ಪ್ರಕಟಿಸಿದ ಲೆಕ್ಕಾಚಾರದಲ್ಲಿ ಗೂಡಿನ ಹುಳಗಳು ಮೂರು ಬಗೆಯಾಗಿ ಬಿದ್ದವು: ಕೂರುವವು, ಕಾದಾಡುವವು, ಮೇವು ತರುವವು. ರಾಣಿ ಸಿಕ್ಕಿದ್ದು ಕೂರುವವುಗಳ ಸಾಲಿನಲ್ಲಿ. ಈ ಜಾತಿಯ ಹತ್ತಿರದ ಸಂಬಂಧಿ ರೋಪಲಿಡಿಯಾ ಸಯಾಥಿಫಾರ್ಮಿಸ್‌ನ ರಾಣಿ ಮಾತ್ರ ಕಾದಾಡುವ ಬಗೆಯದು, ಎಲ್ಲರನ್ನೂ ಗದರಿಸಿಕೊಂಡೇ ಆಳುತ್ತದೆ. ಒಂದೇ ಕುಲದೊಳಗೆ ಎರಡು ಬಗೆಯ ಆಡಳಿತ! ಇಷ್ಟು ಸಮೀಪದಲ್ಲಿ ಹೋಲಿಸಿ ನೋಡುವ ಅವಕಾಶ ಮನುಷ್ಯರ ಸಂಸ್ಥೆಗಳನ್ನು ಓದುವವರಿಗೆ ಸುಲಭಕ್ಕೆ ಸಿಗದು.

ಹಾಗಾದರೆ ಆ ಕಚ್ಚಾಟ ಏತಕ್ಕೆ? ಗೂಡಿಗೆ ಯಥೇಚ್ಛ ಆಹಾರ ಒದಗಿಸಿದಾಗ ಅದು ಇಳಿಯಿತು, ಹಸಿವಿಗೆ ಬಿಟ್ಟಾಗ ಏರಿತು. ಅಂದರೆ ಮನೆಯಲ್ಲಿ ಹಸಿವಿದೆ ಎಂಬ ಸುದ್ದಿ ಹೊರಗೆ ದುಡಿಯುವವರಿಗೆ ಮುಟ್ಟುವುದು ಹೀಗೆ. ಅದನ್ನು ಕೆಲಸಗಾರರೇ ತಮ್ಮೊಳಗೆ ನಡೆಸಿಕೊಳ್ಳುತ್ತಾರೆ, ರಾಣಿಯ ಅಪ್ಪಣೆ ಬೇಕಿಲ್ಲ. ರಾಣಿ ಮಾಡುವುದು ಹೊಟ್ಟೆಯ ತುದಿಯನ್ನು ಗೂಡಿಗೆ ಉಜ್ಜುತ್ತ ಓಡಾಡುವುದು. ಹಾಗೆ ಉಜ್ಜುವಾಗ ಅಂಟುವ ಡುಫೋರ್ ಎಂಬ ಗ್ರಂಥಿಯ ವಾಸನೆಯಿಂದ ರಾಣಿ ಇದೆಯೆಂದು ಉಳಿದವಕ್ಕೆ ತಿಳಿಯುತ್ತದೆ.

ರಾಣಿಯನ್ನು ತೆಗೆದುಬಿಟ್ಟರೆ? ತುಸು ಹೊತ್ತಿನಲ್ಲೇ ಒಂದು ಹುಳ ಏಕಾಏಕಿ ಉಗ್ರವಾಗುತ್ತದೆ. ಯಾವುದೂ ಅದಕ್ಕೆ ಎದುರು ನಿಲ್ಲುವುದಿಲ್ಲ. ಕೆಲವು ದಿನಗಳಲ್ಲಿ ಕೋಪ ಇಳಿದು, ಮೊಟ್ಟೆ ಇಡಲು ತೊಡಗಿ, ಅದೂ ಸಾಧು ರಾಣಿಯಾಗುತ್ತದೆ. ಆ ಹುಳ ಯಾವುದೆಂದು ರಾಣಿ ಇದ್ದಾಗ ಮುಂಚಿತವಾಗಿ ಹೇಳಲು ಸಂಶೋಧಕರಿಗೆ ಆಗಲಿಲ್ಲ. ಕಣಜಗಳಿಗೆ ಗೊತ್ತಿತ್ತೇ? 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅನಿಂದಿತಾ ಭದ್ರ ಮತ್ತು ಗದಗ್‌ಕರ್ ಗೂಡನ್ನು ಎರಡು ಹೋಳು ಮಾಡಿ, ನಡುವೆ ಜಾಲರಿ ಇಟ್ಟು, ರಾಣಿಯನ್ನು ಒಂದು ಬದಿಗೆ ಬಿಟ್ಟರು. ರಾಣಿಯಿಲ್ಲದ ಬದಿಯಲ್ಲಿ ಒಂದು ಎದ್ದಿತು. ಅದನ್ನೂ ರಾಣಿಯನ್ನೂ ಅದಲುಬದಲು ಮಾಡಿದರು. ಕೆಲವು ಗೂಡುಗಳಲ್ಲಿ ಆಚೆ ಬದಿಯವೂ ಅದನ್ನು ಒಪ್ಪಿಕೊಂಡವು. ಉಳಿದವುಗಳಲ್ಲಿ ಆಚೆ ಬದಿಯಿಂದಲೇ ಬೇರೊಂದು ಎದ್ದಿತು. ಅದಕ್ಕೆ ಎರಡೂ ಬದಿಯ ಒಪ್ಪಿಗೆ ಇತ್ತು. ವಾರಸುದಾರಿಣಿ ಯಾರೆಂದು ಗೂಡಿಗೆ ಮೊದಲೇ ಗೊತ್ತಿತ್ತು.

ಹುಳಗಳ ನೀತಿಯನ್ನು ತಂದು ಮನುಷ್ಯರಿಗೆ ಹಚ್ಚಬೇಕೆಂದು ನಾನು ಹೇಳುತ್ತಿಲ್ಲ. ನನ್ನ ಒತ್ತಾಯ ನೋಡುವ ಕ್ರಮದ ಬಗ್ಗೆ. ನಾಯಕತ್ವದ ತರಗತಿಗಳು 1916ರಲ್ಲಿ ಹೆನ್ರಿ ಫಯೋಲ್ ಪಟ್ಟಿಮಾಡಿದ ಯೋಜನೆ, ಸಂಘಟನೆ, ಆಜ್ಞೆ, ಸಮನ್ವಯ, ನಿಯಂತ್ರಣಗಳನ್ನು ಬಹುಕಾಲ ಬಾಯಿಪಾಠ ಮಾಡಿಸಿದವು. 1960ರ ದಶಕದಲ್ಲಿ ಎಂಐಟಿಯ ಸಂಶೋಧನಾ ವಿದ್ಯಾರ್ಥಿ ಹೆನ್ರಿ ಮಿಂಟ್ಸ್‌ಬರ್ಗ್ ಐದು ಸಂಸ್ಥೆಗಳ ಮುಖ್ಯಸ್ಥರ ಜೊತೆ ತಲಾ ಒಂದು ವಾರ ಇದ್ದು, ಅವರು ಮಾಡಿದ್ದನ್ನೆಲ್ಲ ಬರೆದುಕೊಂಡರು. ಅರ್ಧದಷ್ಟು ಕೆಲಸಗಳು 9 ನಿಮಿಷವೂ ಹಿಡಿದಿರಲಿಲ್ಲ. ಒಂದು ಗಂಟೆ ಮೀರಿದ್ದು ಹತ್ತರಲ್ಲಿ ಒಂದು. ಕೂತು ಆಲೋಚಿಸಿ ಆಳುವ ನಾಯಕನ ಚಿತ್ರ ಆ ಟಿಪ್ಪಣಿಗಳೆದುರು ನಿಲ್ಲಲಿಲ್ಲ. 1973ರಲ್ಲಿ ಪುಸ್ತಕವಾಗಿ ಬಂದ ಆ ಕೆಲಸವನ್ನು ನಾನು ನಿಸರ್ಗ ಬರಹವೆಂದೇ ಓದುತ್ತೇನೆ.

ಆದ್ದರಿಂದ ಎಂಬಿಎ, ಎಂ.ಕಾಂ. ಪಾಠ ಮಾಡುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ನಾಯಕನ ಗುಣಗಳನ್ನು ಪಟ್ಟಿಮಾಡಿಸುವ ಮುನ್ನ ನಿಮ್ಮ ಹುಡುಗರನ್ನು ಊರಿನ ಹಾಲಿನ ಡೇರಿಗೋ ಸಹಕಾರಿ ಬ್ಯಾಂಕಿಗೋ ಕಳಿಸಿ. ಒಂದು ವಾರ ಬಾಯಿ ಮುಚ್ಚಿಕೊಂಡು ಕೂತು, ಯಾರು ಯಾರನ್ನು ಕೇಳಿ ಏನು ಮಾಡುತ್ತಾರೆ ಎಂದಷ್ಟೇ ಬರೆಯಲಿ. ಕಾರ್ಯದರ್ಶಿ ರಜೆ ಹಾಕಿದ ದಿನವಂತೂ ತಪ್ಪಿಸಬಾರದು. ಅಂದು ಎಲ್ಲರೂ ಯಾರ ಮುಖ ನೋಡುತ್ತಾರೆ ಎಂಬುದನ್ನು ಮೊದಲು ಬರೆದುಕೊಳ್ಳಲಿ.