ಫ್ಯೂಸ್ ಕಾಯುವುದು ಯಾರನ್ನು?

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಕ್ ಕನ್ವರ್ಟರ್ ಸಿಗುತ್ತದೆ. ಟೌನ್‌ಹಾಲ್ ಬದಿಯ ಜೆಸಿ ರೋಡಿನಲ್ಲಿ ರಿಲೇ, ಫ್ಯೂಸ್ ಹೋಲ್ಡರ್, ಮೀಟರ್ ಲೆಕ್ಕದಲ್ಲಿ ವೈರ್. ಎರಡೂ ಬೀದಿ ಸುತ್ತಿದರೆ ಬೈಕಿಗೆ ಜಿಪಿಎಸ್ ಜೋಡಿಸುವ ಸಾಮಾನೆಲ್ಲ ಒಂದು ಚೀಲಕ್ಕೆ ಸೇರುತ್ತದೆ. ಮನೆಗೆ ಬಂದು ಸ್ಪ್ಯಾನರ್ ಹಿಡಿದ ಮೇಲೆ ಬಹಳ ಮಂದಿ ಎಡವುವುದು ಒಂದೇ ಕಡೆ: ಫ್ಯೂಸನ್ನು ಜಿಪಿಎಸ್ ಪಕ್ಕದಲ್ಲಿ, ಹ್ಯಾಂಡಲ್ ಹತ್ತಿರ ಕೂರಿಸುತ್ತಾರೆ. ಸಾಧನ ದುಬಾರಿ, ಕಾವಲುಗಾರ ಅದರ ಬಾಗಿಲಲ್ಲೇ ಇರಲಿ ಎಂಬ ಲೆಕ್ಕಾಚಾರ. ಈ ಲೆಕ್ಕ ತಪ್ಪು.

ಏಕೆಂದು ಹೇಳುವ ಮೊದಲು ಬೇಕಾದ ಸಂಖ್ಯೆಗಳನ್ನು ಬೇಗ ಮುಗಿಸಬಹುದು. 12 ವೋಲ್ಟಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವಾಗ 12.6ರಿಂದ 12.8 ವೋಲ್ಟ್ ತೋರಿಸುತ್ತದೆ, ಎಂಜಿನ್ ಓಡುವಾಗ 14ರ ಆಸುಪಾಸು. ಯುಎಸ್‌ಬಿಯಿಂದ ನಡೆಯುವ ಜಿಪಿಎಸ್‌ಗೆ ಬೇಕಾದದ್ದು 5 ವೋಲ್ಟ್. ನಡುವೆ ಇಳಿಸಿಕೊಡುವುದೇ ಬಕ್ ಕನ್ವರ್ಟರಿನ ಕೆಲಸ. ಬೈಕಿಗೆಂದೇ ತಯಾರಾದ ಕೆಲವು ಜಿಪಿಎಸ್‌ಗಳು 12 ವೋಲ್ಟನ್ನೇ ನೇರವಾಗಿ ತೆಗೆದುಕೊಳ್ಳುತ್ತವೆ. ಪೆಟ್ಟಿಗೆಯ ಮೇಲಿನ ಬರಹ ನೋಡಿದರೆ ಗೊತ್ತಾಗುತ್ತದೆ. ಸಾಧನ 5 ವೋಲ್ಟಿನಲ್ಲಿ 1 ಆಂಪಿಯರ್ ಎಳೆದರೆ ಅದು 5 ವ್ಯಾಟ್. ಬ್ಯಾಟರಿಯ ಕಡೆಯಿಂದ ಸುಮಾರು ಅರ್ಧ ಆಂಪಿಯರ್, ಅಷ್ಟೆ.

ಅರ್ಧ ಆಂಪಿಯರ್ ಅಂದರೆ ಬೈಕಿಗೆ ಲೆಕ್ಕಕ್ಕೇ ಇಲ್ಲ. ಹಾಗಾದರೆ ಅಪಾಯ ಎಲ್ಲಿಂದ?

ಅಪಾಯ ಜಿಪಿಎಸ್‌ನಲ್ಲಿಲ್ಲ, ಅದರ ತನಕ ಹೋಗುವ ವೈರಿನಲ್ಲಿದೆ. ಬ್ಯಾಟರಿಯ ಪ್ಲಸ್‌ನಿಂದ ಹೊರಟ ವೈರ್ ಸೀಟಿನ ಕೆಳಗೆ, ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ ಸಾಗಿ, ಹ್ಯಾಂಡಲ್ ತಿರುಗುವ ಕುತ್ತಿಗೆಯನ್ನು ಬಳಸಿ ಮುಂದೆ ಬರುತ್ತದೆ. ಈಗಿನ ಬೈಕುಗಳಲ್ಲಿ ಚಾಸಿಯಿಡೀ ಬ್ಯಾಟರಿಯ ಮೈನಸ್‌ಗೆ ಸೇರಿಕೊಂಡಿದೆ. ಹಿಂದಿನ ಬಹಳಷ್ಟು ಬ್ರಿಟಿಷ್ ಬೈಕುಗಳಲ್ಲಿ ಇದು ತಿರುಗಾಮುರುಗಾ, ಚಾಸಿಗೆ ಸೇರಿದ್ದು ಪ್ಲಸ್. ಹಳೆಯ ಗಾಡಿ ಇಟ್ಟುಕೊಂಡವರು ಮೊದಲು ನೋಡಬೇಕಾದದ್ದೇ ಇದು. ಸಾವಿರಾರು ಕಿಲೋಮೀಟರ್ ಓಡಿದ ಮೇಲೆ ಒಂದು ದಿನ ಟ್ಯಾಂಕಿನ ಕೆಳಗೆ ವೈರಿನ ಪ್ಲಾಸ್ಟಿಕ್ ಸವೆದು ತಾಮ್ರ ಚಾಸಿಗೆ ತಾಕುತ್ತದೆ ಎಂದುಕೊಳ್ಳೋಣ. ಆಗ ಕರೆಂಟ್ ಜಿಪಿಎಸ್ ತನಕ ಹೋಗುವುದೇ ಇಲ್ಲ. ಸವೆದ ಜಾಗದಿಂದಲೇ ಬ್ಯಾಟರಿಗೆ ಮರಳುತ್ತದೆ. ಅರ್ಧ ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.035 ಓಮ್ ರೋಧ ಮಾತ್ರ. ಸ್ಟಾರ್ಟರ್ ಮೋಟಾರ್ ತಿರುಗಿಸುವ ಬ್ಯಾಟರಿ ಇಂಥ ದಾರಿ ಸಿಕ್ಕರೆ 100 ಆಂಪಿಯರ್ ದಾಟಿಸಬಲ್ಲದು. ಅಲ್ಲಿಗೆ ಒಂದು ಮೀಟರ್ ವೈರಿನಲ್ಲಿ 350 ವ್ಯಾಟ್ ಶಾಖ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯ ಮೂರರಲ್ಲೊಂದು ಪಾಲು ಶಾಖ, ಅದೂ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ. ಹ್ಯಾಂಡಲ್ ಪಕ್ಕದ ಫ್ಯೂಸಿಗೆ ಇದರ ಸುದ್ದಿಯೇ ಮುಟ್ಟುವುದಿಲ್ಲ. ಆ ಕರೆಂಟ್ ಅದರ ಮೂಲಕ ಹರಿದೇ ಇಲ್ಲ.

ಕೆರೆಯ ನೀರು ಕಾಲುವೆ ಒಡೆದು ನುಗ್ಗುತ್ತಿದ್ದರೆ ರೈತ ತನ್ನ ಗದ್ದೆಯ ಮಡೆ ಮುಚ್ಚಲು ಓಡುವುದಿಲ್ಲ, ತೂಬಿನ ಕಡೆ ಓಡುತ್ತಾನೆ. ಫ್ಯೂಸ್ ಇರಬೇಕಾದದ್ದು ತೂಬಿನಲ್ಲಿ: ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ. ಅಲ್ಲಿದ್ದರೆ ಮುಂದಿನ ಇಡೀ ವೈರ್ ಅದರ ಕಾವಲಿಗೆ ಬರುತ್ತದೆ.

ಫ್ಯೂಸ್ ಕಾಯುವುದು ವೈರನ್ನು, ಸಾಧನವನ್ನಲ್ಲ. ಸಾಧನವನ್ನು ಕಾಯುವಷ್ಟು ಚುರುಕು ಅದಕ್ಕಿಲ್ಲ. ಬೈಕುಗಳಲ್ಲಿರುವ ಚಪ್ಪಟೆ ಬ್ಲೇಡ್ ಫ್ಯೂಸ್ ತನ್ನ ಮೇಲೆ ಬರೆದ ಅಂಕಿಯ ಶೇಕಡಾ 110ರಷ್ಟು ಕರೆಂಟನ್ನು 100 ಗಂಟೆಯಾದರೂ ತಾಳಬೇಕೆಂದೇ ನಿಯಮ. ಎರಡು ಪಟ್ಟು ಹರಿದಾಗಲೂ ಕರಗಲು 5 ಸೆಕೆಂಡ್ ತನಕ ತೆಗೆದುಕೊಳ್ಳಬಹುದು. ಜಿಪಿಎಸ್ ಒಳಗಿನ ಚಿಪ್ ಸುಡಲು ಅದರ ಎಷ್ಟೋ ಸಣ್ಣ ಪಾಲು ಸಮಯ ಸಾಕು. ಹಾಗಾಗಿ ಫ್ಯೂಸಿನ ಅಂಕಿ ಆರಿಸುವಾಗ ಕೇಳಬೇಕಾದ ಪ್ರಶ್ನೆ ‘ಈ ವೈರ್ ಎಷ್ಟು ತಡೆದೀತು?’ ಎಂಬುದು. ಬಳಕೆಗಿಂತ ಹೆಚ್ಚು, ವೈರಿನ ಶಕ್ತಿಗಿಂತ ಕಡಿಮೆ. ಅರ್ಧ ಆಂಪಿಯರಿನ ಜಿಪಿಎಸ್‌ಗೆ ನೇರಳೆ ಬಣ್ಣದ 3 ಆಂಪಿಯರ್ ಫ್ಯೂಸ್ ಚೆನ್ನಾಗಿ ಹೊಂದುತ್ತದೆ. ಅದು ಹೋದಾಗ ಕೈಗೆ ಸಿಕ್ಕ ನೀಲಿ ಬಣ್ಣದ 15 ಹಾಕುವುದು, ಇನ್ನೂ ಕೆಟ್ಟದಾಗಿ ಬೆಳ್ಳಿಕಾಗದ ಸುತ್ತುವುದು, ಕಾವಲುಗಾರನನ್ನು ಮನೆಗೆ ಕಳಿಸಿದಂತೆ.

ಕರೆಂಟ್ ಎಲ್ಲಿಂದ ತೆಗೆಯುವುದು? ಬ್ಯಾಟರಿಗೆ ನೇರ ಜೋಡಿಸಿದರೆ ಕೀ ತೆಗೆದ ಮೇಲೂ ಕನ್ವರ್ಟರ್ ಸಣ್ಣಗೆ ಕುಡಿಯುತ್ತಲೇ ಇರುತ್ತದೆ. ಅದು 20 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ, ಹಿಮಾಲಯನ್ 411 ಬೈಕಿನ 8 ಆಂಪಿಯರ್-ಅವರ್ ಬ್ಯಾಟರಿ 400 ಗಂಟೆಯಲ್ಲಿ, ಅಂದರೆ ಹದಿನೇಳು ದಿನದೊಳಗೆ ಬರಿದು. 3 ಆಂಪಿಯರ್-ಅವರ್ ಬ್ಯಾಟರಿಯ ಪುಟ್ಟ ಬೈಕಿನಲ್ಲಿ ಆರೇ ದಿನ. ಸೆಲ್ಫ್ ಸ್ಟಾರ್ಟ್ ಅದಕ್ಕೂ ಬಹಳ ಮೊದಲೇ ಕೈಕೊಡುತ್ತದೆ. ಹಬ್ಬಕ್ಕೆ ಊರಿಗೆ ಹೋಗಿ ಬಂದವರು ಬ್ಯಾಟರಿ ಕಂಪನಿಯನ್ನು ಬಯ್ಯುವುದಕ್ಕೆ ಕಾರಣ ಎಷ್ಟೋ ಸಲ ಇದೇ.

ಅದಕ್ಕೇ ಮೆಕ್ಯಾನಿಕ್‌ಗಳು ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಹಾರ್ನ್ ವೈರಿಗೆ ಕೈ ಹಾಕುತ್ತಾರೆ. ಒಂದು ಜಿಪಿಎಸ್‌ಗೆ ಇದು ನಡೆಯುತ್ತದೆ. ಆದರೆ ಹೊಸ ಜೋಡಣೆ ಶಾರ್ಟ್ ಆದರೆ ಆ ಸಾಲಿನ ಫ್ಯೂಸ್ ಹೋಗಿ ಹಾರ್ನ್ ಜೊತೆ ಇಂಡಿಕೇಟರ್, ಬ್ರೇಕ್ ಲೈಟೂ ಸತ್ತಾವು. ರಾತ್ರಿ ಶಿರಾಡಿ ಘಾಟಿಯಲ್ಲಿ ಬ್ರೇಕ್ ಲೈಟ್ ಇಲ್ಲದ ಬೈಕ್ ಯಾರಿಗೂ ಬೇಡ. ಹಾರ್ನ್ ವೈರಿನಿಂದ ರಿಲೇ ಎಂಬ ವಿದ್ಯುತ್ ಸ್ವಿಚ್ಚಿನ ಸುರುಳಿಗೆ ಮಾತ್ರ ಕರೆಂಟ್ ಕೊಟ್ಟು, ಜಿಪಿಎಸ್‌ಗೆ ಬೇಕಾದದ್ದನ್ನು ಬ್ಯಾಟರಿಯಿಂದ ಅದರದೇ ಫ್ಯೂಸ್ ಮೂಲಕ ತರುವುದು ಮೇಲು. ಮುಂದೆ ಫಾಗ್ ಲೈಟ್ ಹಾಕುವ ಆಸೆಯಿದ್ದರಂತೂ ರಿಲೇ ಬೇಕೇ ಬೇಕು. ರಿಲೇ ಕಾಲುಗಳ ಮೇಲಿನ 30, 85, 86, 87 ಯಾರೋ ಮನಸ್ಸಿಗೆ ಬಂದಂತೆ ಹಾಕಿದ ಅಂಕಿಗಳಲ್ಲ. ಜರ್ಮನಿಯ ಡಿಐಎನ್ 72552 ಮಾನದಂಡ ಪ್ರತಿ ಜೋಡಣೆಗೂ ಒಂದು ಸಂಖ್ಯೆ ಕೊಟ್ಟಿದೆ: 30 ಬ್ಯಾಟರಿಯ ಪ್ಲಸ್, 87 ಹೊರಹೋಗುವ ದಾರಿ, 85 ಮತ್ತು 86 ಸುರುಳಿಯ ಎರಡು ತುದಿ. ಇಷ್ಟು ಕಲಿತವರು ಈ ಅಂಕಿಗಳಿರುವ ಯಾವ ದೇಶದ ರಿಲೇಯನ್ನಾದರೂ ಓದಬಲ್ಲರು, ಎಂಥ ಸೊಗಸು!

ಕೆಲಸ ಶುರು ಮಾಡುವಾಗ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಬೇಕು, ಕೊನೆಗೆ ಕಟ್ಟಬೇಕು. ಮೈನಸ್ ಬಿಚ್ಚಿದ ಮೇಲೆ ಪ್ಲಸ್ ಮೇಲಿನ ಸ್ಪ್ಯಾನರ್ ಚಾಸಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಜೋಡಣೆಗಳಿಗೆ ಬೆಸುಗೆಗಿಂತ ಕ್ರಿಂಪ್ ಒಳ್ಳೆಯದು. ಸೀಸ ಹೀರಿ ಗಟ್ಟಿಯಾದ ಎಳೆಗಳು ಅದುರಿ ಅದುರಿ ಬೆಸುಗೆಯ ಅಂಚಿನಲ್ಲೇ ತುಂಡಾಗುತ್ತವೆ. ಸೀಟ್ ಮುಚ್ಚುವ ಮುನ್ನ ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ, ವೈರ್ ಎಲ್ಲೂ ಬಿಗಿಯುತ್ತಿಲ್ಲವೆಂದು ನೋಡಬೇಕು.

ಕೊನೆಯ ಪರೀಕ್ಷೆಗೆ ಮಲ್ಟಿಮೀಟರ್ ಸಾಕು. ಜಿಪಿಎಸ್ ಚಾಲೂ ಇರುವಾಗ ಕೆಂಪು ಮೊನೆ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಮೊನೆ ಕನ್ವರ್ಟರಿಗೆ ಒಳಬರುವ ಪ್ಲಸ್‌ಗೆ. 0.1 ವೋಲ್ಟಿನ ಆಸುಪಾಸು ತೋರಿಸಿದರೆ ದಾರಿ ಸಲೀಸು. ಅರ್ಧ ವೋಲ್ಟ್ ದಾಟಿದರೆ ನಡುವೆ ಎಲ್ಲೋ ಸಡಿಲ ಅಥವಾ ಕಿಲುಬು. ಈ ಒಂದು ಅಳತೆಯನ್ನು ಕಲಿತವರು ದಯವಿಟ್ಟು ಜಿಪಿಎಸ್‌ಗೇ ನಿಲ್ಲಿಸಬಾರದು. ಬೈಕಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವ ವೈರಿಂಗ್ ನಕ್ಷೆ ತೆರೆದು, ಮಂಕಾಗಿ ಉರಿಯುವ ಹೆಡ್‌ಲೈಟಿನ ದಾರಿಯಲ್ಲಿ ಸ್ವಿಚ್ಚಿನಿಂದ ಸ್ವಿಚ್ಚಿಗೆ ಮೊನೆ ಇಡುತ್ತ ಹೋಗಲಿ. ವರ್ಷಗಳಿಂದ ಬಲ್ಬ್ ಬದಲಿಸಿಯೂ ಸಿಗದ ವೋಲ್ಟುಗಳು ಯಾವ ಕನೆಕ್ಟರಿನೊಳಗೆ ಸೋರಿಹೋಗುತ್ತಿವೆ ಎಂಬುದು ಅರ್ಧ ಗಂಟೆಯಲ್ಲಿ ಕಣ್ಣಿಗೆ ಬೀಳುತ್ತದೆ.