ಮುನಿಸಿನ ನುಡಿಗಟ್ಟುಗಳಲ್ಲಿ ಅಡಗಿದ ಪ್ರಾಣಿಗಳು

ಸಿಡುಕಿಗೆ ತಲೆ ನೊಂದ ಕರಡಿ, ಖಿನ್ನತೆಗೆ ಕಪ್ಪು ನಾಯಿ ಎಂದು ಇಂಗ್ಲಿಷು ಪ್ರಾಣಿಯನ್ನು ಹೆಸರಿಸಿಯೇ ಹೇಳುತ್ತದೆ. ಕನ್ನಡದಲ್ಲಿಯೂ ಬಾಲ ತುಳಿದ ಹಾವು, ಇಂಗು ತಿಂದ ಮಂಗ ಇವೆ (ಮಂಗನದು ಸಿಟ್ಟಲ್ಲ, ಪೆಚ್ಚುತನ). ಆದರೆ ಕನ್ನಡದ ಮುನಿಸು ಅನೇಕ ವೇಳೆ ಪ್ರಾಣಿಯನ್ನು ಕ್ರಿಯಾಪದದಲ್ಲಿ ಅಡಗಿಸಿಬಿಡುತ್ತದೆ. ‘ಬುಸುಗುಟ್ಟು’ವಿನಲ್ಲಿ ಹಾವಿದೆ, ‘ಗುರುಗುಟ್ಟು’ವಿನಲ್ಲಿ ನಾಯಿಯಿದೆ. ‘ಮೂತಿ ಊದಿಸು’ ಎಂಬಲ್ಲಿ ಮನುಷ್ಯನ ಮುಖವೇ ಪಶುವಿನ ಮುಸುಡಿಯಾಗುತ್ತದೆ. ಮುನಿದವರ ಬಗೆಗಿನ ಲೇವಡಿಯೆಲ್ಲ ಆ ನಾಮಪದದಲ್ಲೇ ಇದೆ. ಪ್ರಾಣಿಗಳ ಹೆಸರು ಹಿಡಿದು ನುಡಿಗಟ್ಟು ಸಂಗ್ರಹಿಸುವ ಕ್ರಮಕ್ಕೆ ಇವು ದಕ್ಕುವುದಿಲ್ಲ.

1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ ಜಿಲ್ಲೆಯ ಹುಡಗಿಯಂತಹ ಊರುಗಳ ಪರಿಸರದಲ್ಲಿ, ಕನ್ನಡವು ಮರಾಠಿ, ಉರ್ದುಗಳೊಡನೆ ಬೆರೆತಿರುವಲ್ಲಿ, ತೊಡಕು ಇನ್ನೂ ಹೆಚ್ಚು. ಮರಾಠಿಯಲ್ಲಿ ‘ಗುರಗುರಣೆ’, ಉರ್ದುವಿನಲ್ಲಿ ‘ಗುರ್ರಾನಾ’ ಇವೆ. ಅನುಕರಣ ಪದಗಳಲ್ಲಿ ಧ್ವನಿಸಾಮ್ಯವೊಂದನ್ನೇ ನೆಚ್ಚಿ ಎರವಲೆನ್ನಲಾಗದು. ಯಾರು ಯಾರ ಮೇಲೆ ಗುರುಗುಟ್ಟುತ್ತಾರೆಂಬ ಬಳಕೆಯ ಸಂದರ್ಭವೂ ದಾಖಲಾಗಬೇಕು.