ಹಳ್ಳಿಯ ಪುಸ್ತಕ ಭಂಡಾರಕ್ಕೆ ವಿದ್ಯಾರ್ಥಿಗಳು ಬರೆದ ನಕ್ಷೆ

ಅಮೆರಿಕದ ದಕ್ಷಿಣ ಭಾಗದಲ್ಲಿರುವ ಅಲಬಾಮ ರಾಜ್ಯದಲ್ಲಿ ಹೇಲ್ ಎಂಬ ಜಿಲ್ಲೆಯಿದೆ. ಒಂದು ಕಾಲಕ್ಕೆ ಅದು ಹತ್ತಿಯ ಸೀಮೆ. ಹತ್ತಿಯ ಕಾಲ ಮುಗಿದ ಮೇಲೆ ಹೊಂಡ ತೋಡಿ ಮೀನು ಸಾಕುವುದನ್ನು ಅಲ್ಲಿನ ರೈತರು ಕಲಿತರು. ಆ ಜಿಲ್ಲೆಯ ನ್ಯೂಬರ್ನ್ ಎಂಬ ಊರಿನ ಜನಸಂಖ್ಯೆ 200ನ್ನೂ ಮುಟ್ಟುವುದಿಲ್ಲ. ನಮ್ಮ ಕಡೆಯ ಒಂದು ಕೇರಿಯಷ್ಟು ಎನ್ನಬಹುದು. ಅಲ್ಲಿ ಸುಮಾರು 700 ಚದರ ಅಡಿಯ ಹಳೆಯ ಇಟ್ಟಿಗೆ ಕಟ್ಟಡವೊಂದು ಇತ್ತು. ಹಿಂದೆ ಬ್ಯಾಂಕು ನಡೆಯುತ್ತಿದ್ದ ಜಾಗ. 2013ರಲ್ಲಿ ಅದು ಊರಿನ ಪುಸ್ತಕ ಭಂಡಾರವಾಯಿತು. ನಕ್ಷೆ ಬರೆದು, ಕೈಯಾರೆ ಕೆಲಸ ಮಾಡಿ ಅದನ್ನು ನಿಲ್ಲಿಸಿದವರು ಆಬರ್ನ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿದ್ಯಾರ್ಥಿಗಳು.

ಕಾಫಿ-ಅಡಿಕೆಯ ಪತ್ರಿಕೆಯಲ್ಲಿ ಈ ಸುದ್ದಿ ಏಕೆಂದು ಸದಸ್ಯ ಬಂಧುಗಳು ಕೇಳಿಯಾರು. ಬಳಕೆ ತಪ್ಪಿದ ಹಳೆಯ ಗೋದಾಮುಗಳು ನಮ್ಮ ಸೀಮೆಯಲ್ಲೂ ಇವೆ. ಅವುಗಳಲ್ಲಿ ಒಂದನ್ನಾದರೂ ಮಕ್ಕಳಿಗೆ ವಾಚನಾಲಯ ಮಾಡಿಕೊಡಬಾರದೇ ಎಂಬ ಮಾತು ಸದಸ್ಯರ ನಡುವೆ ಆಗಾಗ ಬರುತ್ತಿದೆ. ಬಣ್ಣ ಬಳಿದು ನಾಲ್ಕು ಬೀರು ಇಟ್ಟರೆ ಮುಗಿಯಿತು ಎಂದುಕೊಂಡವರೂ ಇದ್ದಾರೆ. ಅಷ್ಟಕ್ಕೇ ಮುಗಿಯುವುದಿಲ್ಲ ಎಂಬುದಕ್ಕಾಗಿ ಈ ಲೇಖನ.

ಆಬರ್ನಿನ ಈ ಗ್ರಾಮೀಣ ಶಾಲೆಗೆ ‘ರೂರಲ್ ಸ್ಟುಡಿಯೊ’ ಎಂದು ಹೆಸರು. ಸ್ಯಾಮ್ಯುಯೆಲ್ ಮಾಕ್ಬಿ ಮತ್ತು ಡಿ. ಕೆ. ರೂತ್ ಎಂಬಿಬ್ಬರು ಅಧ್ಯಾಪಕರು 1993ರಲ್ಲಿ ಆರಂಭಿಸಿದರು. ಪಟ್ಟಣದ ಕಾಲೇಜಿನಲ್ಲಿ ಕುಳಿತು ಗೀಟು ಎಳೆದರೆ ಸಾಲದು, ಕಟ್ಟಡ ಬೇಕಾದವರ ನಡುವೆಯೇ ಹೋಗಿ ಇರಬೇಕೆಂಬುದು ಅವರ ಹಟ. ಮಾಕ್ಬಿ 2001ರಲ್ಲಿ ತೀರಿಕೊಂಡರು, ಶಾಲೆ ನಿಲ್ಲಲಿಲ್ಲ. ಇದೇ ಊರಿಗೆ ವಿದ್ಯಾರ್ಥಿಗಳು ಮೊದಲು ಅಗ್ನಿಶಾಮಕ ಠಾಣೆ ಕಟ್ಟಿದರು, 2011ರಲ್ಲಿ ಪುರಭವನ ಕಟ್ಟಿದರು, ಅನಂತರ ಪುಸ್ತಕ ಭಂಡಾರಕ್ಕೆ ಕೈ ಹಾಕಿದರು.

ಈ ವಿದ್ಯೆಯಲ್ಲಿ ಪರೀಕ್ಷೆಯೆಂದರೆ ಉತ್ತರಪತ್ರಿಕೆ ಬರೆದು ಮನೆಗೆ ಹೋಗುವುದಲ್ಲ. ನಕ್ಷೆಯ ಹಾಳೆಗಳನ್ನು ಗೋಡೆಗೆ ಚುಚ್ಚಿ, ರಟ್ಟಿನ ಮಾದರಿಯನ್ನು ಮೇಜಿನ ಮೇಲಿಟ್ಟು, ಎಲ್ಲರೆದುರು ನಿಂತು ವಿವರಿಸಬೇಕು. ಹೊರಗಿನಿಂದ ಬಂದ ಅನುಭವಿಗಳು ಪ್ರಶ್ನೆ ಹಾಕುತ್ತಾರೆ. ನಮ್ಮ ದೇಶದ ಕಾಲೇಜುಗಳಲ್ಲಿ ಇದಕ್ಕೆ ‘ಜ್ಯೂರಿ’ ಎನ್ನುತ್ತಾರೆ. ಬಹುಪಾಲು ಪ್ಯಾರಿಸ್ಸಿನ ಹಳೆಯ ಕಲಾಶಾಲೆಯಿಂದ ಬಂದ ಪದ್ಧತಿ ಇದು. ಗಡುವು ಮುಗಿದಾಗ ನಕ್ಷೆಗಳನ್ನು ಒಯ್ಯಲು ಕೈಗಾಡಿ ಬರುತ್ತಿತ್ತಂತೆ, ಹುಡುಗರು ಗಾಡಿಯ ಜೊತೆ ಓಡುತ್ತಲೇ ಕೊನೆಯ ಗೆರೆ ಎಳೆಯುತ್ತಿದ್ದರಂತೆ. ನಿಜವಾದ ಕೆಲಸ ಮಾತ್ರ ಜ್ಯೂರಿ ಮುಗಿದ ಮರುದಿನ ಶುರುವಾಗುತ್ತದೆ. ಬೈಸಿಕೊಂಡ ನಕ್ಷೆಯನ್ನು ಮತ್ತೆ ಹರಡಿ, ಯಾವ ಮಾತಿಗೆ ಯಾವ ಗೋಡೆ ಸರಿಯಬೇಕೆಂದು ನೋಡಬೇಕು. ರೂರಲ್ ಸ್ಟುಡಿಯೊದ ವಿದ್ಯಾರ್ಥಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಂಶಯವಿದ್ದ ಭಾಗವನ್ನು ನಿಜ ಅಳತೆಯಲ್ಲೇ ಬಯಲಿನಲ್ಲಿ ಕಟ್ಟಿ ನೋಡುತ್ತಾರೆ. ಪದವಿ ಕೈಗೆ ಬಂದ ಮೇಲೂ ಹಿಡಿದ ಕಟ್ಟಡ ಮುಗಿಸಲೆಂದು ಅಲ್ಲೇ ಉಳಿಯುವವರು ಬಹಳ ಮಂದಿ.

ಪುಸ್ತಕ ಭಂಡಾರದ ನಕ್ಷೆ ಎಂದೊಡನೆ ಪರಿಣತರು ಮೊದಲು ಕೇಳುವುದು ಭಾರದ ಪ್ರಶ್ನೆ. ನಮ್ಮವರಿಗೆ ಇದು ಬೇಗ ಅರ್ಥವಾಗುತ್ತದೆ, ಏಕೆಂದರೆ ಅಟ್ಟದ ಮೇಲೆ ಎಷ್ಟು ಮೂಟೆ ಅಡಿಕೆ ಏರಿಸಬಹುದೆಂಬ ಲೆಕ್ಕ ಮನೆಮನೆಗೂ ಗೊತ್ತು. ಒಂದು ಮೀಟರು ಉದ್ದದ ಪುಸ್ತಕದ ಸಾಲು ಸುಮಾರು 25 ಕಿಲೊ ತೂಗುತ್ತದೆ. ಆರು ಹಲಗೆಯ ಬೀರು ತುಂಬಿದರೆ ಮೂರು ಮೂಟೆ ಕಾಫಿಯನ್ನು ಒಂದರ ಮೇಲೊಂದು ಪೇರಿಸಿದಂತೆ, ಅದೂ ಒಂದು ಗೇಣು ಅಗಲದ ಜಾಗದಲ್ಲಿ. ಭಾರತೀಯ ಮಾನಕದ ಪ್ರಕಾರ ವಾಸದ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕಿಲೊ ಹೊರುವಂತಿದ್ದರೆ ಸಾಕು. ಪುಸ್ತಕದ ಬೀರುಗಳನ್ನು ಒತ್ತಾಗಿ ನಿಲ್ಲಿಸುವ ಕೋಣೆಗೆ 600 ಕಿಲೊ ಬೇಕು. ಈ ಲೆಕ್ಕದಲ್ಲಿ ಮಹಡಿಯ ಮನೆಗಿಂತ ನಮ್ಮ ಗೋದಾಮಿನ ನೆಲವೇ ವಾಸಿ.

ಎರಡನೆಯದು ಬೆಳಕು. ಓದುವವನಿಗೆ ಬೆಳಕು ಬೇಕು, ಪುಸ್ತಕಕ್ಕೆ ಬೇಡ. ನೇರ ಬಿಸಿಲು ಬಿದ್ದ ಕಾಗದ ಹಳದಿಯಾಗಿ ಪುಡಿಯಾಗುತ್ತದೆ. ಮರಗಸಿ ಮಾಡಿಸುವಾಗ ಕಾಫಿ ಗಿಡಕ್ಕೆ ಸೋಸಿದ ಬೆಳಕು ಬೀಳಲೆಂದು ನಾವು ಹೇಗೆ ಕೊಂಬೆ ಆಯುತ್ತೇವೋ, ಕಿಟಕಿಯನ್ನೂ ಹಾಗೆಯೇ ಆಯಬೇಕು. ‘ಉತ್ತರದ ಕಿಟಕಿ ಉತ್ತಮ’ ಎಂದು ಪಾಶ್ಚಾತ್ಯರ ಪುಸ್ತಕಗಳು ಹೇಳುತ್ತವೆ. ಅಲಬಾಮದಲ್ಲಿ ಅದು ಸರಿ. ಅಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ಬರುತ್ತಾನೆ. ಮೇ ತಿಂಗಳ ಬಿಸಿಲಿಗೆ ಉತ್ತರದಲ್ಲೂ ಸೂರು ಚಾಚಿರಲೇಬೇಕು.

ಮೂರನೆಯ ಪ್ರಶ್ನೆಯೇ ನಮಗೆ ಎಲ್ಲಕ್ಕಿಂತ ದೊಡ್ಡದು: ತೇವ. ಗಾಳಿಯ ತೇವಾಂಶ ನೂರಕ್ಕೆ 65-70 ದಾಟಿತೆಂದರೆ ಪುಸ್ತಕಕ್ಕೆ ಬೂಷ್ಟು ಹಿಡಿಯಲು ಶುರು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕಿಂತ ಕಡಿಮೆಯಾಗುವ ದಿನಗಳೇ ಅಪರೂಪ. ಒಣಗಿದ ಚೆರಿ ಕಾಫಿಯನ್ನೇ ಆಷಾಢದಲ್ಲಿ ಗೋಡೆಗೆ ತಾಗಿಸಿ ಇಡುವುದಿಲ್ಲ ನಾವು, ಕೆಳಗೆ ಹಲಗೆ ಹಾಕಿ, ಗೋಡೆಯಿಂದ ದೂರ ಸರಿಸಿ ಇಡುತ್ತೇವೆ. ಪುಸ್ತಕಕ್ಕೂ ಬೇಕಾದದ್ದು ಅದೇ ಉಪಚಾರ: ಬೀರು ಗೋಡೆಯಿಂದ ಅರ್ಧ ಅಡಿ ಈಚೆಗಿರಬೇಕು, ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿ ಮೇಲಿರಬೇಕು, ಹಿಂದಿನಿಂದ ಗಾಳಿ ಆಡಬೇಕು. ಪಡುಗಾಳಿಯ ಎರಚಲು ಹೊಡೆಯುವ ಗೋಡೆಯ ಬಳಿ ಬೀರನ್ನೇ ಇಡಬಾರದು. ಗೆದ್ದಲಿನ ಮಾತು ಬೇರೆ ಹೇಳಬೇಕಾಗಿಲ್ಲ.

ಇವುಗಳ ಜೊತೆಗೆ ಇನ್ನೊಂದು ಸಣ್ಣ ಮಾತುಂಟು. ಹಳ್ಳಿಯ ಗ್ರಂಥಾಲಯ ನೋಡಿಕೊಳ್ಳಲು ಇರುವವರು ಒಬ್ಬರೇ. ಕುಳಿತಲ್ಲಿಂದ ಅವರಿಗೆ ಬಾಗಿಲೂ ಬೀರೂ ಮಕ್ಕಳೂ ಕಾಣಬೇಕು. ಅಂದದ ನಕ್ಷೆಗಳು ಎಷ್ಟೋ ಸಲ ಇಲ್ಲೇ ಮುಗ್ಗರಿಸುತ್ತವೆ.

ನ್ಯೂಬರ್ನಿನಲ್ಲಿ ನಿಂತಿರುವ ಕಟ್ಟಡವನ್ನು ನೋಡಿದರೆ ಇಂಥ ಪ್ರಶ್ನೆಗಳಿಗೆ ಅಲ್ಲಿನ ಹುಡುಗರು ಕೊಟ್ಟ ಉತ್ತರ ತಿಳಿಯುತ್ತದೆ. ಊರಿಗೆ ಪರಿಚಿತವಾದ ಬ್ಯಾಂಕಿನ ಮುಖವನ್ನು ಕೆಡವದೆ ಹಾಗೆಯೇ ಉಳಿಸಿದ್ದಾರೆ. ಒಳಗೆ ಗೋಡೆಗುಂಟ ಮರದ ಹಲಗೆಗಳಲ್ಲಿ ಪುಸ್ತಕ ಜೋಡಿಸಿ ನಡುವಿನ ಜಾಗವನ್ನು ಓದುವವರಿಗೆ ಬಿಟ್ಟಿದ್ದಾರೆ. ಇದ್ದ ಜಾಗ ಸಾಲದೆ ಹೊಸ ಭಾಗವೊಂದನ್ನು ಸೇರಿಸಿದ್ದಾರೆ. ಹಣವಿಡುತ್ತಿದ್ದ ಭದ್ರ ಕೋಣೆಯ ಇಟ್ಟಿಗೆ ಈಗ ಹೊರಗಿನ ಅಂಗಳದ ನೆಲಹಾಸು. ಊರಿನವರೇ ಮಂಡಳಿ ಮಾಡಿಕೊಂಡು ಸ್ವಯಂಸೇವಕರಿಂದ ನಡೆಸುವ ಏರ್ಪಾಡು. ಇಂಟರ್ನೆಟ್ ಕೂಡ ಊರಿನ ಎಲ್ಲರಿಗೂ ಮೊದಲು ದೊರೆತದ್ದು ಆ ಕೋಣೆಯಲ್ಲೇ.

ನೋಡಲು ಬಲು ಚೆಂದ. ಆದರೆ ಗೋಡೆಗುಂಟ ಪುಸ್ತಕ ಜೋಡಿಸುವ ಆ ಕ್ರಮವನ್ನೇ ತಂದು ನಮ್ಮ ಗೋದಾಮಿನ ಪಡುಗೋಡೆಗೆ ಹಚ್ಚಿದರೆ ಮೊದಲ ಮಳೆಗಾಲದಲ್ಲೇ ಪುಸ್ತಕಕ್ಕೆ ಬೂಷ್ಟು ಬಂದೀತು. ಅವರಿಂದ ತರಬೇಕಾದದ್ದು ಕೇಳಿ, ತಿದ್ದಿ, ಮತ್ತೆ ಕೇಳುವ ಕ್ರಮವನ್ನು.

ಹಾಗೆಂದು ಜ್ಯೂರಿಯವರು ಹೇಳಿದ್ದೆಲ್ಲ ಸರಿಯೆಂದಲ್ಲ. ಪ್ಯಾರಿಸ್ಸಿನ ಆ ಶಾಲೆಯಲ್ಲೇ ಓದಿದ ಆನ್ರಿ ಲಾಬ್ರೂಸ್ಟ್ ಎಂಬಾತ 1824ರಲ್ಲಿ ಅತ್ಯುಚ್ಚ ಬಹುಮಾನ ಗೆದ್ದು ರೋಮಿಗೆ ಹೋದ. ಅಲ್ಲಿಂದ ಪುರಾತನ ದೇವಾಲಯಗಳ ಮೇಲೆ ಬರೆದು ಕಳುಹಿಸಿದ ನಕ್ಷೆಗಳು ಹಿರಿಯರನ್ನು ಕೆರಳಿಸಿದವು. ಆತ ತನ್ನ ನಂಬಿಕೆ ಬಿಡಲಿಲ್ಲ. ಮುಂದೆ ಅದೇ ಊರಿನಲ್ಲಿ ಸೇಂಟ್ ಜೆನೆವೀವ್ ಗ್ರಂಥಾಲಯವನ್ನು ತೆಳ್ಳನೆಯ ಕಬ್ಬಿಣದ ಕಂಬಗಳ ಮೇಲೆ ನಿಲ್ಲಿಸಿದ. 1851ರಲ್ಲಿ ಬಾಗಿಲು ತೆರೆದ ಆ ಓದುಮನೆಯಲ್ಲಿ ಗ್ಯಾಸಿನ ದೀಪ ಹಚ್ಚಿ ವಿದ್ಯಾರ್ಥಿಗಳು ರಾತ್ರಿಯೂ ಓದಿದರು. ಅದು ಇಂದಿಗೂ ಬಳಕೆಯಲ್ಲಿದೆ. ಯಾವ ಮಾತಿಗೆ ಗೋಡೆ ಸರಿಸಬೇಕು, ಯಾವುದಕ್ಕೆ ಸರಿಸಬಾರದು ಎಂಬುದನ್ನು ಹುಡುಗರೇ ಕಲಿಯಬೇಕು; ಕಲಿಸಿಕೊಡುವುದು ಸುಲಭವಲ್ಲ.

ನಮ್ಮ ರಾಜ್ಯದಲ್ಲಿ 1965ರಷ್ಟು ಹಿಂದೆಯೇ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಬಂತು. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯದ ಕರವನ್ನೂ ನಾವು ಕಟ್ಟುತ್ತೇವೆ. ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರೂ ಬಂದಿದೆ. ಇಷ್ಟಿದ್ದೂ ಹಲವು ಕಡೆ ಬೇರೆ ಯಾವುದಕ್ಕೂ ಬೇಡವಾದ ಕೋಣೆಯೇ ಅದಕ್ಕೆ ಗತಿ. ಮಂಗಳೂರು, ಮೈಸೂರು, ಬೆಂಗಳೂರುಗಳಲ್ಲಿ ವಾಸ್ತುಶಿಲ್ಪದ ಕಾಲೇಜುಗಳಿವೆ. ಗ್ರಂಥಾಲಯದ ನಕ್ಷೆ ಇಂಥ ಕಾಲೇಜುಗಳಲ್ಲಿ ಬಹು ಹಳೆಯ ಪಾಠ. ಎಲ್ಲೋ ಊಹೆಯ ನಿವೇಶನಕ್ಕೆ ಬರೆಯುವ ನಕ್ಷೆಯನ್ನು ನಮ್ಮ ಗೋದಾಮಿಗೇ ಬರೆಯಿರೆಂದು ಅಧ್ಯಾಪಕರನ್ನು ಕೇಳುವುದರಲ್ಲಿ ತಪ್ಪೇನಿದೆ? ಕೇಳುವಾಗ ಒಂದು ಷರತ್ತು ಇರಲಿ: ಜ್ಯೂರಿಯ ಕುರ್ಚಿಗಳಲ್ಲಿ ಒಂದು ಗ್ರಂಥಪಾಲಕರಿಗೆ, ಒಂದು ಶಾಲೆಯ ಮಕ್ಕಳಿಗೆ, ಒಂದು ಊರಿನ ಮೇಸ್ತ್ರಿಗೆ. ಸೂರಿನ ನೀರು ಎಲ್ಲಿ ಸೋರುತ್ತದೆಂದು ಮೇಸ್ತ್ರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ.

ವಿದ್ಯಾರ್ಥಿಗಳನ್ನು ಜಾಗ ನೋಡಲು ಜನವರಿಯ ಹಿತವಾದ ಬಿಸಿಲಿನಲ್ಲಿ ಕರೆಯುವುದು ಬೇಡ. ಜುಲೈಯಲ್ಲಿ, ಎರಡು ದಿನ ಬಿಡದೆ ಮಳೆ ಹೊಯ್ಯುವಾಗ ಕರೆಸಿ, ಗೋದಾಮಿನ ಪಡುಗೋಡೆಯನ್ನು ಕೈಯಿಂದ ಮುಟ್ಟಿ ನೋಡಲು ಹೇಳೋಣ.